ಸಂಖ್ಯೆಯ ಹುಟ್ಟೂರು

ಎಸ್‌ಎಚ್‌ಎ-256 ಹ್ಯಾಶ್ ಲೆಕ್ಕಕ್ಕಾಗಿ ಬರೆದ ಲೈಬ್ರರಿಯೊಂದರ ಕೋಡ್ ತೆರೆದರೆ, ಮೇಲ್ನೋಟಕ್ಕೆ ತಲೆಬುಡವಿಲ್ಲದ 72 ಸಂಖ್ಯೆಗಳು ಸಾಮಾನ್ಯವಾಗಿ ಎದುರಾಗುತ್ತವೆ. ಎಂಟು ಲೆಕ್ಕದ ಆರಂಭಕ್ಕೆ, ಉಳಿದ 64 ಒಂದೊಂದು ಸುತ್ತಿಗೆ. ಬಹುಪಾಲು ಪ್ರೋಗ್ರಾಮರುಗಳು ಈ ಪಟ್ಟಿಯನ್ನು ನಕಲು ಮಾಡಿಕೊಂಡು ಮುಂದಕ್ಕೆ ಹೋಗುತ್ತಾರೆ. ಚಾತುರ್ಯವೆಲ್ಲ ಕೆಳಗಿನ ಸೂತ್ರಗಳಲ್ಲಿದೆ ಎಂಬ ಭಾವನೆ. ಆದರೆ ಲೈಬ್ರರಿಯ ಮೇಲಿನ ನಂಬಿಕೆಯ ದೊಡ್ಡ ಪಾಲು ನಿಂತಿರುವುದು ಈ ಘೋಷಣೆಯ ಸಾಲುಗಳ ಮೇಲೆಯೇ. ಸ್ಥಿರಾಂಕ ಎಲ್ಲಿಂದ ಬಂತು, ಅದನ್ನು ಹಿಡಿಯುವ ಜಾಗ ಎಷ್ಟು ಬಿಟ್‌ನದು ಎಂಬುದು ಯಾರು ಬೇಕಾದರೂ ಪರೀಕ್ಷಿಸಬಹುದಾದ ಸಂಗತಿಯಾಗಿರಬೇಕು.

ಮೊದಲ ಸಂಖ್ಯೆಯನ್ನೇ ನೋಡೋಣ. 2ರ ವರ್ಗಮೂಲದಲ್ಲಿ ದಶಮಾಂಶ ಬಿಂದುವಿನ ಬಲಕ್ಕಿರುವ ಭಾಗವನ್ನು 2ರ 32ನೇ ಘಾತದಿಂದ ಗುಣಿಸಿ ಪೂರ್ಣಾಂಕವನ್ನಷ್ಟೇ ಉಳಿಸಿಕೊಂಡರೆ 1779033703 ಸಿಗುತ್ತದೆ. ಅದೇ ಆ ಸ್ಥಿರಾಂಕ. 3, 5, 7ರಿಂದ 19ರವರೆಗಿನ ಅವಿಭಾಜ್ಯಗಳ ವರ್ಗಮೂಲಗಳಿಂದ ಉಳಿದ ಏಳು. 2ರಿಂದ 311ರವರೆಗಿನ ಅವಿಭಾಜ್ಯಗಳ ಘನಮೂಲಗಳಿಂದ 64. ಇದಕ್ಕೂ ಹಳೆಯ ಹ್ಯಾಶ್ ಎಂಡಿ5ರಲ್ಲಿ ಅದರ ವಿನ್ಯಾಸಕಾರ ರಾನ್ ರಿವೆಸ್ಟ್ ಸೈನ್ ಮೌಲ್ಯಗಳನ್ನು ಬಳಸಿದರು. ಗಾರುಡಿಗ ತೋಳು ಮೇಲೆತ್ತಿ ಬರಿಗೈ ತೋರಿಸುವಂತೆ, ಒಳಗುಟ್ಟೇನೂ ಇಲ್ಲ ಎಂದು ಸಾರುವ ಸಂಖ್ಯೆಗಳಿವು. ವರ್ಗಮೂಲದಲ್ಲಿ ಗೂಢಲಿಪಿಗೆ ಬೇಕಾದ ವಿಶೇಷ ಶಕ್ತಿಯೇನೂ ಅಡಗಿಲ್ಲ. ವಿನ್ಯಾಸಕಾರ ತನಗೆ ಅನುಕೂಲವಾದ ಅಂಕಿಯನ್ನು ಆರಿಸಿಕೊಂಡಿಲ್ಲ ಎಂಬುದಕ್ಕೆ ಅದು ಸಾಕ್ಷಿ, ಅಷ್ಟೆ.

ಈ ಎಚ್ಚರಿಕೆ ಅತಿಯಾಯಿತು ಎನ್ನುವವರಿಗೆ 2006ರ ಡ್ಯುಯಲ್ ಇಸಿ ಪ್ರಕರಣ ಉತ್ತರ. ಅಮೆರಿಕದ ಪ್ರಮಾಣಕ ಸಂಸ್ಥೆ ನಿಸ್ಟ್ ಒಪ್ಪಿದ ಈ ಯಾದೃಚ್ಛಿಕ ಸಂಖ್ಯಾಜನಕದಲ್ಲಿ ಎರಡು ಸ್ಥಿರ ಬಿಂದುಗಳಿದ್ದವು, ಅವನ್ನು ಹೇಗೆ ಆರಿಸಿದರೆಂಬ ವಿವರಣೆ ಇರಲಿಲ್ಲ. ಅವುಗಳ ನಡುವಿನ ಗುಪ್ತ ಸಂಬಂಧ ಬಲ್ಲವನು ಮುಂದಿನ ಸಂಖ್ಯೆಗಳನ್ನೆಲ್ಲ ಊಹಿಸಬಲ್ಲ ಎಂದು 2007ರಲ್ಲಿ ಸಂಶೋಧಕರಾದ ಶುಮೋ ಮತ್ತು ಫರ್ಗ್ಯುಸನ್ ತೋರಿಸಿದರು. ಅಮೆರಿಕದ ಗುಪ್ತಚರ ಸಂಸ್ಥೆಯ ಗುಟ್ಟುಗಳನ್ನು ತೆರೆದಿಟ್ಟ ಸ್ನೋಡೆನ್ ದಾಖಲೆಗಳು ಹೊರಬಿದ್ದ ಮೇಲೆ, 2014ರಲ್ಲಿ ನಿಸ್ಟ್ ಅದನ್ನು ಕೈಬಿಟ್ಟಿತು. ಅದೇ ವರ್ಷ ಸಂಶೋಧಕರ ತಂಡವೊಂದು ಎಸ್‌ಎಚ್‌ಎ-1ರ ನಾಲ್ಕು ಸ್ಥಿರಾಂಕಗಳನ್ನು ಮಾತ್ರ ಬದಲಿಸಿ, ಬೇರೆ ಬೇರೆ ಕಡತಗಳಿಗೆ ಒಂದೇ ಹ್ಯಾಶ್ ಬರುವಂತೆ ಮಾಡಿತು. ಸೂತ್ರದ ಒಂದಕ್ಷರವನ್ನೂ ಅವರು ಮುಟ್ಟಿರಲಿಲ್ಲ.

ಇದಕ್ಕೆ ಎದುರಾಗಿ ಡಿಇಎಸ್ ಉದಾಹರಣೆ ಕೊಡಬಹುದು. 1970ರ ದಶಕದ ಆ ಗೂಢಲಿಪಿಯ ಕೋಷ್ಟಕಗಳಿಗೂ ವಿವರಣೆ ಇರಲಿಲ್ಲ. ಆಗ ಹೊರಗಿನವರಿಗೆ ತಿಳಿಯದ ದಾಳಿಯೊಂದನ್ನು ತಡೆಯಲೆಂದೇ ಅವನ್ನು ರೂಪಿಸಲಾಗಿತ್ತೆಂದು ಐಬಿಎಂನ ಕಾಪರ್‌ಸ್ಮಿತ್ 1994ರಲ್ಲಿ ಬರೆದರು. ಒಪ್ಪೋಣ, ಗುಟ್ಟಿನ ಹಿಂದೆ ಸದುದ್ದೇಶವೂ ಇರಬಹುದು. ಆದರೆ ಅದು ತಿಳಿಯುವವರೆಗೆ ಬಳಸುವವರ ಪಾಲಿಗೆ ಉಳಿದದ್ದು ಅನುಮಾನವೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಗೂಢಲಿಪಿ ತಜ್ಞ ಬರ್ನ್‌ಸ್ಟೈನ್ ಮತ್ತು ಸಂಗಡಿಗರದು: ವರ್ಗಮೂಲವೋ ಘನಮೂಲವೋ, ಪೈಯೋ ಸೈನೋ ಎಂಬ ಆಯ್ಕೆಗಳೇ ಬೇಕಾದಷ್ಟಿರುವಾಗ, ಸಹಜವಾಗಿ ಕಾಣುವ ವಿವರಣೆಯ ಹಿಂದೆಯೂ ಮೋಸ ಅಡಗಿಸಬಹುದು. ಈ ಮಾತು ನಿಜ. ಹಾಗೆಂದು ವಿವರಣೆಯೇ ಬೇಡವೆನ್ನಲಾಗದು. ಅದು ಸರಳವಾದಷ್ಟೂ ಕೈಚಳಕಕ್ಕೆ ಉಳಿಯುವ ಜಾಗ ಕುಗ್ಗುತ್ತದೆ.

ಸ್ಥಿರಾಂಕಕ್ಕೆ ಸಿಕ್ಕ ಈ ಗಮನ, ಅದನ್ನು ಹಿಡಿಯುವ ಜಾಗದ ಅಗಲ ಹೇಳುವ ಡೇಟಾ ಟೈಪಿಗೆ ಸಿಕ್ಕಿಲ್ಲ. 1992ರ ಎಂಡಿ5 ಮಾದರಿ ಕೋಡಿನಲ್ಲಿ 32 ಬಿಟ್‌ನ ಪದವನ್ನು ಸಿ ಭಾಷೆಯ ‘ಅನ್‌ಸೈನ್ಡ್ ಲಾಂಗ್’ ಎಂದು ಘೋಷಿಸಿದ್ದರು. ಮುಂದೆ 64 ಬಿಟ್‌ನ ಯುನಿಕ್ಸ್ ಯಂತ್ರಗಳಲ್ಲಿ ಲಾಂಗ್ ದುಪ್ಪಟ್ಟು ಅಗಲವಾದಾಗ, ಅದೇ ಕೋಡ್ ತಪ್ಪು ಹ್ಯಾಶ್ ಕೊಡತೊಡಗಿತು. ಅಗಲವನ್ನು ನಿಖರವಾಗಿ ಹೇಳುವ ಟೈಪುಗಳು ಸಿ ಪ್ರಮಾಣಕಕ್ಕೆ ಬಂದದ್ದು 1999ರಲ್ಲಿ. ಮಾದರಿ ಇನ್‌ಪುಟ್ ಕೊಟ್ಟು ಉತ್ತರ ತಾಳೆ ನೋಡಿದರೆ ಸಾಲದೇ ಎಂದು ಕೇಳಬಹುದು. ಸ್ಥಿರಾಂಕದಲ್ಲಿ ಒಂದಂಕಿ ತಪ್ಪಿದರೆ ಪುಟ್ಟ ಮಾದರಿಯಲ್ಲೂ ಸಿಕ್ಕಿಬೀಳುತ್ತದೆ, ಸರಿ. ಟೈಪಿನ ತಪ್ಪು ಎಲ್ಲ ಬಾರಿಯೂ ಹಾಗಲ್ಲ. ಎಸ್‌ಎಚ್‌ಎ-3 ರೂಪಿಸಿದ ತಂಡದ ಕೋಡಿನಲ್ಲೇ ಉದ್ದದ ಲೆಕ್ಕವನ್ನು 32 ಬಿಟ್‌ಗಳಲ್ಲಿ ಕೂಡಿಸುತ್ತಿದ್ದ ಸಾಲೊಂದಿತ್ತು; ಸುಮಾರು 4 ಜಿಬಿಯ ಇನ್‌ಪುಟ್ ಬಂದರೆ ಮೊತ್ತ ಉಕ್ಕಿ ಸೊನ್ನೆಯ ಕಡೆಗೆ ಹೊರಳುತ್ತಿತ್ತು. 2011ರಿಂದ ಇದ್ದ ಈ ದೋಷ ಪೈಥಾನ್, ಪಿಎಚ್‌ಪಿಗಳನ್ನೂ ಹೊಕ್ಕು, 2022ರಲ್ಲಷ್ಟೇ ಬಯಲಾಯಿತು. ಆ ಹನ್ನೊಂದು ವರ್ಷವೂ ಪುಟ್ಟ ಮಾದರಿಗಳಿಗೆ ಸರಿಯುತ್ತರವೇ ಬರುತ್ತಿತ್ತು.