ಸೂಜಿ ಬಂತು, ಮಾತು ಬರಲಿಲ್ಲ!

2021ರ ಜನವರಿ 13. ಪುಣೆಯಿಂದ ಕೋವಿಶೀಲ್ಡ್ ಹೊತ್ತ ಗಾಡಿ ಬೆಳಗಾವಿಗೆ ಬಂದು ನಿಂತಿತು. ಆ ಹೆದ್ದಾರಿ ಕರ್ನಾಟಕದೊಳಗೆ ಕಾಲಿಡುವುದೇ ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿಯಲ್ಲಿ. ಅಲ್ಲಿಂದ ದೂಧಗಂಗಾ ದಂಡೆಯ ಸದಲಗಾ ಬಹಳ ದೂರವೇನಲ್ಲ. ಅಂದರೆ, ಇಡೀ ದೇಶ ಬಾಯಿಬಿಟ್ಟು ಕಾಯುತ್ತಿದ್ದ ಲಸಿಕೆ ಸದಲಗಾದವರ ಮಗ್ಗುಲಲ್ಲೇ ಹಾದುಹೋಯಿತು. ಆದರೆ ಆ ಲಸಿಕೆಯ ಬಗ್ಗೆ ಅವರಿಗೆ ತಿಳಿಯುವಂಥ ನಾಲ್ಕು ಮಾತು? ಅದು ಬರಲಿಲ್ಲ. ಅದಕ್ಕೂ ಮೊದಲೇ ಬಂದದ್ದು ವಾಟ್ಸಾಪ್!

ಚುಚ್ಚಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂದಿತು ವಾಟ್ಸಾಪ್. ಎರಡೇ ವರ್ಷದಲ್ಲಿ ಸಾಯುತ್ತಾರೆ ಎಂದು ಫ್ರಾನ್ಸಿನ ನೊಬೆಲ್ ವಿಜ್ಞಾನಿಯೊಬ್ಬರ ಹೆಸರಿನಲ್ಲಿ ಸಾರಿತು. ಆ ಮನುಷ್ಯ ಹಾಗೆ ಹೇಳಿರಲೇ ಇಲ್ಲ. ಎರಡು ವರ್ಷ ಯಾವಾಗಲೋ ಮುಗಿಯಿತು. ಚುಚ್ಚಿಸಿಕೊಂಡ ಕೋಟಿಗಟ್ಟಲೆ ಜನ ಕಬ್ಬು ಕಡಿಯುತ್ತಿದ್ದಾರೆ, ಮಕ್ಕಳನ್ನು ಹೆತ್ತಿದ್ದಾರೆ, ವೋಟು ಹಾಕಿದ್ದಾರೆ. ಸುಳ್ಳು ಹರಡಿದವರು ಮಾತ್ರ ಇವತ್ತಿಗೂ ಯಾರಿಗೂ ಉತ್ತರ ಕೊಟ್ಟಿಲ್ಲ.

ಆಗ ನಗರದ ಬುದ್ಧಿವಂತರು ಕೊಟ್ಟ ತೀರ್ಪು ನೆನಪಿದೆಯೇ? 'ಹಳ್ಳಿ ಜನ ದಡ್ಡರು, ಮೂಢರು.' ಮುಗಿಯಿತು ಕಥೆ! ಆದರೆ ಹಳ್ಳಿಯ ಕಟ್ಟೆಯ ಮೇಲೆ ಎದ್ದ ಪ್ರಶ್ನೆಗಳನ್ನು ನೋಡಿ. 'ಚುಚ್ಚಿದ ಮ್ಯಾಲ ಜ್ವರ ಬಂದ್ರ ಎರಡ ದಿನದ ಕೂಲಿ ಯಾರ ಕೊಡ್ತಾರ?' 'ಸಕ್ಕರೆ ಕಾಯಿಲೆ ಇದ್ದವ್ರು ತಗೋಬಹುದೇನ್ರಿ?' ಇದರಲ್ಲಿ ಮೌಢ್ಯ ಎಲ್ಲಿದೆ? ಸ್ವಂತ ದೇಹದ ಬಗ್ಗೆ ಮನುಷ್ಯ ಕೇಳಲೇಬೇಕಾದ ಪ್ರಶ್ನೆಗಳಿವು.

ಅನುಮಾನ ಹುಟ್ಟಿದ್ದು ಹಳ್ಳಿಯಲ್ಲೂ ಅಲ್ಲ. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ಒಪ್ಪಿಗೆ ಸಿಕ್ಕಾಗ ಅದರ ಮೂರನೇ ಹಂತದ ಫಲಿತಾಂಶ ಇನ್ನೂ ಬಂದಿರಲಿಲ್ಲ. ಮೊದಲ ವಾರಗಳಲ್ಲಿ ಆಸ್ಪತ್ರೆಯ ಸಿಬ್ಬಂದಿಯೇ ಹಿಂದೆ ಮುಂದೆ ನೋಡಿದರು. ಆ ಲಸಿಕೆ ಶೇಕಡಾ 77.8ರಷ್ಟು ಪರಿಣಾಮಕಾರಿ ಎಂಬ ಲೆಕ್ಕ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾದದ್ದು ಅದೇ ವರ್ಷದ ನವೆಂಬರಿನಲ್ಲಿ. ಅದರ ಪ್ರಯೋಗಕ್ಕೆ 2020ರಲ್ಲಿ ಆಯ್ಕೆಯಾದ ದೇಶದ 12 ಕೇಂದ್ರಗಳಲ್ಲಿ ಬೆಳಗಾವಿಯ ಆಸ್ಪತ್ರೆಯೂ ಒಂದಾಗಿತ್ತು. ನಮ್ಮ ಜಿಲ್ಲೆಯ ಜನರೇ ತೋಳು ಚಾಚಿ ಪರೀಕ್ಷೆಗೆ ನಿಂತಿದ್ದರು! ಇದನ್ನು ಊರೂರಿನಲ್ಲಿ ಡಂಗುರ ಸಾರಿ ಹೇಳಬೇಕಿತ್ತು. ಯಾರು ಹೇಳಿದರು?

ಇನ್ನು ಕೋವಿನ್ ಎಂಬ ಮಹಾದ್ವಾರದ ಕಥೆ. 2021ರ ಮೇ ತಿಂಗಳಲ್ಲಿ 18 ದಾಟಿದವರಿಗೆ ಲಸಿಕೆ ಎಂದರು. 45 ದಾಟಿದವರು ನೇರವಾಗಿ ಕೇಂದ್ರಕ್ಕೆ ಹೋಗಬಹುದಿತ್ತು. ಕಿರಿಯರು ಮಾತ್ರ ಮೊಬೈಲಿನಲ್ಲಿ ಹೆಸರು ಬರೆಸಲೇಬೇಕು. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ! ಕನ್ನಡ ಅಲ್ಲಿಗೆ ಬಂದದ್ದು ಜೂನ್ ತಿಂಗಳಲ್ಲಿ, ಎರಡನೇ ಅಲೆ ಮನೆಮನೆಯ ದೀಪ ಆರಿಸಿದ ಮೇಲೆ. ಸದಲಗಾದಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು. ಆ ಇಂಗ್ಲಿಷ್ ಬಾಗಿಲ ಮುಂದೆ ಇಬ್ಬರೂ ಒಟ್ಟಿಗೇ ಹೊರಗೆ ನಿಂತಿದ್ದರು. ಗಡಿ ತಂಟೆ ಅಲ್ಲಿ ಯಾರಿಗೂ ನೆನಪಾಗಲಿಲ್ಲ.

ಗೆಳೆಯರೇ, ಆಗ ನೀವೇನು ಮಾಡುತ್ತಿದ್ದಿರಿ? ಬೆಂಗಳೂರಿನಲ್ಲಿ ಕುಳಿತು ಬೆರಳ ತುದಿಯಲ್ಲಿ ಸ್ಲಾಟ್ ಹಿಡಿದಿರಿ. ನಗರದಲ್ಲಿ ಸಿಗದಿದ್ದಾಗ ಅಕ್ಕಪಕ್ಕದ ತಾಲ್ಲೂಕಿನ ಆರೋಗ್ಯ ಕೇಂದ್ರಕ್ಕೆ ಕಾರಿನಲ್ಲಿ ಹೋಗಿ ಹಾಕಿಸಿಕೊಂಡು ಬಂದಿರಿ. ತಪ್ಪು ಎನ್ನುವುದಿಲ್ಲ, ಜೀವ ಎಲ್ಲರಿಗೂ ಒಂದೇ. ಆದರೆ ಆ ಊರಿನವನು ತನ್ನೂರಿನ ಲಸಿಕೆಗೆ ತಾನೇ ಪರಕೀಯನಾದ. ಮುಂದೆ 2022ರ ಜುಲೈನಲ್ಲಿ ಮೂರನೇ ಡೋಸನ್ನು 75 ದಿನ ಪುಕ್ಕಟೆ ಕೊಟ್ಟರಲ್ಲ, ನಿಮ್ಮಲ್ಲಿ ಎಷ್ಟು ಜನ ಹೋದಿರಿ? ತೀರಾ ಕಡಿಮೆ ಜನ! ಹಿಂಜರಿಕೆ ಹಳ್ಳಿಯ ರೋಗ ಎಂದವರು ಈಗ ಕನ್ನಡಿ ನೋಡಿಕೊಳ್ಳಲಿ.

ಮಾತು ಸೋತ ಕಡೆ ಅಧಿಕಾರ ಕೋಲು ಎತ್ತುತ್ತದೆ. 2021ರ ಸೆಪ್ಟೆಂಬರಿನಲ್ಲಿ ಚಾಮರಾಜನಗರದಲ್ಲಿ 'ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ' ಎಂಬ ಮಾತು ಎದ್ದು, ಗಲಾಟೆಯಾಗಿ, ಹಿಂದೆ ಸರಿಯಬೇಕಾಯಿತು. ಕೋಲಿನ ಫಲ ಏನೆಂದು ಪುಣೆಯನ್ನು ಕೇಳಿ. 1897ರ ಪ್ಲೇಗಿನಲ್ಲಿ ಬ್ರಿಟಿಷರು ಅಲ್ಲಿ ಮನೆಮನೆಗೆ ಸಿಪಾಯಿಗಳನ್ನು ನುಗ್ಗಿಸಿದರು. ರೋಗಕ್ಕಿಂತ ಹೆಚ್ಚಾಗಿ ಹರಡಿದ್ದು ದ್ವೇಷ. ಕೊನೆಗೆ ಪ್ಲೇಗ್ ಅಧಿಕಾರಿ ರ್ಯಾಂಡ್ ಗುಂಡೇಟಿಗೆ ಬಲಿಯಾದ.

ಹಾಗಾದರೆ ಮನಸ್ಸು ತಿರುಗಿಸಿದ್ದು ಯಾರು? ಆಶಾ ಅಕ್ಕಂದಿರು. 2020ರ ಜುಲೈನಲ್ಲಿ ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದ ಇದೇ ಹೆಣ್ಣುಮಕ್ಕಳು ಮರುವರ್ಷ ಮನೆ ಬಾಗಿಲಿಗೆ ಹೋದರು. 'ಯವ್ವಾ, ನಾನೂ ತಗೊಂಡೇನಿ, ನೋಡು, ಏನೂ ಆಗಿಲ್ಲ' ಅನ್ನುವ ಒಂದು ಮಾತಿಗೆ ದಿಲ್ಲಿಯ ನೂರು ಜಾಹೀರಾತು ಸಮವಲ್ಲ.

ಇದು ಮುಗಿದ ಕಥೆ ಎಂದುಕೊಳ್ಳಬೇಡಿ. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಎದ್ದಾಗ, ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣ ಇರಬಹುದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಜುಲೈ 1ರಂದು ಹೇಳಿದರು. ಅದೇ ತಿಂಗಳು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಅಂಥ ನಂಟು ಕಾಣಲಿಲ್ಲ ಎಂದಿತು. ಮೊದಲ ಮಾತು ಮನೆಮನೆ ಮುಟ್ಟಿತು. ಎರಡನೆಯದು ಎಷ್ಟು ಮನೆ ಮುಟ್ಟಿತು?

ಅಡ್ಡಪರಿಣಾಮ ಇಲ್ಲವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದೆಂದು ಯುರೋಪಿನ ತಜ್ಞರು 2021ರಲ್ಲೇ ಹೇಳಿದ್ದರು. ಅದನ್ನು ಅವತ್ತೇ ನಮಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ, 2024ರಲ್ಲಿ ಲಂಡನ್ ಕೋರ್ಟಿನ ಸುದ್ದಿ ಬಂದಾಗ ಜನ ಬೆಚ್ಚಿಬೀಳುತ್ತಿರಲಿಲ್ಲ. ಮುಚ್ಚಿಟ್ಟ ಸಣ್ಣ ಸತ್ಯ ದೊಡ್ಡ ಸುಳ್ಳಿಗೆ ಗೊಬ್ಬರ!

ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿಯುವ ಗೆಳೆಯರೇ, ಔಷಧಿಯಲ್ಲೂ ಕನ್ನಡ ಕೇಳಿ. ಮುಂದಿನ ಮಹಾಮಾರಿ ಯಾವಾಗಲಾದರೂ ಬಂದೀತು. ಅವತ್ತು ಲಸಿಕೆಯ ಜೊತೆಗೇ, ಮೊದಲ ದಿನವೇ, ಅದರ ಗುಣ, ದೋಷ, ಯಾರಿಗೆ ಬೇಡ ಎಂಬುದೆಲ್ಲ ಕನ್ನಡದಲ್ಲಿ ಬರಲೇಬೇಕು. ಅಲ್ಲಿಯವರೆಗೆ ಒಂದು ಕೆಲಸ ನಿಮ್ಮದು. ಊರಿನಿಂದ ಅಪ್ಪನೋ ಅವ್ವನೋ ವಾಟ್ಸಾಪಿನಲ್ಲಿ ಒಂದು ಸುಳ್ಳನ್ನು ಕಳಿಸಿದರೆ ನಗಬೇಡಿ, ಬೈಯಬೇಡಿ. ಫೋನು ಮಾಡಿ, ಹತ್ತು ನಿಮಿಷ ಕುಳಿತು ಮಾತಾಡಿ. ಅವರ ಮಾತಿನಲ್ಲೇ ಮಾತಾಡಿ.

ಅಷ್ಟೂ ಮಾಡದವರಿಗೆ ಕನ್ನಡ ಬಾವುಟ ಏಕೆ?