ಗೊಂಬೆಮನೆಯ ಮುಂದಿನ ಹುಲ್ಲು

ನವರಾತ್ರಿಯಲ್ಲಿ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆ ಕೂರಿಸುವುದು ಹಿರಿಯರ ಕೆಲಸ. ಕೆಳಗೆ ನೆಲದ ಮೇಲೆ ಪಾರ್ಕು ಮಾಡುವುದು ಮಾತ್ರ ಮಕ್ಕಳ ಪಾಲಿನದು. ಮೈಸೂರು, ಬೆಂಗಳೂರು ಕಡೆಯ ಮನೆಗಳಲ್ಲಿ ಅಡಿಕೆ ಹಾಳೆಯದೋ ಬೆಂಕಿಪೊಟ್ಟಣದ್ದೋ ಒಂದು ಪುಟ್ಟ ಮನೆ, ಅದಕ್ಕೆ ಕಡ್ಡಿಯ ಬೇಲಿ, ಹಳೆಯ ಕನ್ನಡಿಯ ಕೊಳ, ಅದರ ಮೇಲೆರಡು ಬಾತುಕೋಳಿ, ಸುತ್ತಲೂ ರಾಗಿ ಪೈರಿನ ಹುಲ್ಲುಹಾಸು. ಈಗ ಪ್ಲಾಸ್ಟಿಕ್ ಹುಲ್ಲುಹಾಸು ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ಕೊಂಡು ತರುವವರನ್ನು ದೂರುವಂತಿಲ್ಲ. ಹಿಂದಿನ ವರ್ಷ ಬಿತ್ತಿದ ರಾಗಿ ಸರಸ್ವತಿ ಪೂಜೆಯ ದಿನವೇ ನೆಲಕಚ್ಚಿ, ಬುಡದಲ್ಲಿ ಬೂಷ್ಟು ಹಿಡಿದು, ಮಗು ಅತ್ತದ್ದನ್ನು ಕಂಡ ತಾಯಿ ಮತ್ತೇನು ಮಾಡಿಯಾಳು? ಆದರೆ ಆ ಹುಲ್ಲು ಮಲಗಿದ್ದಕ್ಕೆ ಕಾರಣಗಳಿವೆ. ಯಾವುದೂ ಹೈಸ್ಕೂಲಿನ ವಿಜ್ಞಾನಕ್ಕೆ ನಿಲುಕದ್ದಲ್ಲ.

ಮೊದಲನೆಯದು ಬೀಜ. ಅಡುಗೆಮನೆಯ ರಾಗಿ, ಸಾಸಿವೆ, ಮೆಂತ್ಯ, ಗೋಧಿ ಚೆನ್ನಾಗಿ ಮೊಳೆಯುತ್ತವೆ. ಅಕ್ಕಿ ಮೊಳೆಯದು, ಏಕೆಂದರೆ ಗಿರಣಿಯಲ್ಲಿ ಪಾಲಿಶ್ ಮಾಡುವಾಗ ಅದರ ಭ್ರೂಣವೇ ಉದುರಿಹೋಗಿರುತ್ತದೆ, ಭತ್ತವೇ ಬೇಕು. ಬಿತ್ತನೆ ಬೀಜದ ಅಂಗಡಿಯ ಕಾಳಿಗೆ ಗುಲಾಬಿ ಅಥವಾ ಕೆಂಪು ಬಣ್ಣ ಬಳಿದಿದ್ದರೆ ಅದನ್ನು ಮಕ್ಕಳ ಕೈಗೆ ಕೊಡಲೇಬಾರದು. ಆ ಬಣ್ಣ ಶಿಲೀಂಧ್ರನಾಶಕ ವಿಷ ಲೇಪಿಸಿದೆ ಎಂಬುದರ ಗುರುತು. ಕಾಳು ಹಳೆಯದೆಂಬ ಅನುಮಾನವಿದ್ದರೆ ಇಪ್ಪತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ಮೂರು ದಿನ ಇಟ್ಟು ನೋಡಿ. ಹದಿನಾರಾದರೂ ಮೊಳೆತರೆ, ಅಂದರೆ ನೂರಕ್ಕೆ ಎಂಬತ್ತು, ಧೈರ್ಯವಾಗಿ ಬಿತ್ತಬಹುದು.

ಎರಡನೆಯದು ಆತುರ. ಒತ್ತಾಗಿ ಹಾಕಿದರೆ ದಟ್ಟ ಹುಲ್ಲು ಬರುತ್ತದೆಂದು ಮಕ್ಕಳು ಹಿಡಿಹಿಡಿ ರಾಗಿ ಸುರಿಯುತ್ತಾರೆ. ಸಸಿಗಳ ನಡುವೆ ಗಾಳಿಯಾಡದೆ ತೇವ ನಿಲ್ಲುತ್ತದೆ, ಶಿಲೀಂಧ್ರ ಬುಡವನ್ನೇ ಕೊಳೆಸುತ್ತದೆ. ಜರಡಿ ಹಿಡಿದ ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ, ತಟ್ಟೆಯಲ್ಲಿ ಒಂದೂವರೆ ಅಂಗುಲ ಹರಡಿ, ರಾತ್ರಿ ನೆನೆಸಿದ ಕಾಳನ್ನು ಒಂದರ ಮೇಲೊಂದು ಬೀಳದಂತೆ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಿದರೆ ಸಾಕು. ನೀರನ್ನು ಚೊಂಬಿನಿಂದ ಹೊಯ್ಯದೆ ಬೆರಳಿನಿಂದ ಚಿಮುಕಿಸಬೇಕು.

ಆದರೆ ನಿಜವಾದ ತಂಟೆ ಬೆಳಕಿನದು. ಗೊಂಬೆ ಕೂರಿಸುವ ಜಾಗ ಸಾಮಾನ್ಯವಾಗಿ ನಡುಮನೆಯ ಕತ್ತಲೆಯ ಮೂಲೆ. ಬೆಳಕು ಸಿಗದ ಸಸಿ ಅದನ್ನು ಹುಡುಕಿಕೊಂಡು ಉದ್ದುದ್ದ ಬೆಳೆಯುತ್ತದೆ. ಕಾಂಡ ಬಿಳಿಚಿಕೊಂಡು ತೆಳ್ಳಗಾಗುತ್ತದೆ, ಎಲೆ ಹಳದಿಯಾಗಿಯೇ ಉಳಿಯುತ್ತದೆ. ಪತ್ರಹರಿತ್ತು ಇಲ್ಲದಿದ್ದರೆ ಆಹಾರ ತಯಾರಿಕೆಯೂ ಇಲ್ಲ. ಕಾಳಿನೊಳಗಿನ ಬುತ್ತಿಯನ್ನೇ ತಿನ್ನಬೇಕು. ಸಾವಿರ ರಾಗಿ ಕಾಳು ಸುಮಾರು 3 ಗ್ರಾಂ ತೂಗಿದರೆ ಸಾವಿರ ಗೋಧಿ ಸುಮಾರು 40 ಗ್ರಾಂ ತೂಗುತ್ತದೆ. ರಾಗಿಯ ಬುತ್ತಿ ಎಷ್ಟು ಚಿಕ್ಕದೆಂದು ಇದರಿಂದಲೇ ತಿಳಿಯುತ್ತದೆ. ಅದು ಮುಗಿದ ದಿನ ಹುಲ್ಲು ಮಲಗುತ್ತದೆ. ಗೊಂಬೆಗಳಿಗೆ ಹಾಕಿದ ಬಣ್ಣದ ಸೀರಿಯಲ್ ಬಲ್ಬು ಕಣ್ಣಿಗೆ ಹಬ್ಬವೇ ಹೊರತು ಸಸಿಯ ಹೊಟ್ಟೆಗೆ ಸಾಲದು. (ಆ ತಂತಿ ಒದ್ದೆ ಮಣ್ಣಿಗೆ ತಾಗದಂತೆ ಹಿರಿಯರೇ ನೋಡಿಕೊಳ್ಳಬೇಕು.)

ಹಾಗಾಗಿ ಬಿತ್ತುವುದು ಗೊಂಬೆಯ ಮುಂದೆ ಅಲ್ಲ, ಜಗಲಿಯಲ್ಲೋ ಕಿಟಕಿಯ ಬಳಿಯೋ. ಮಹಾಲಯ ಅಮಾವಾಸ್ಯೆಗೆ ಒಂದು ವಾರ ಮುಂಚೆ ರಾಗಿ ಬಿತ್ತಿ, ಸಾಸಿವೆಯನ್ನು ಮೂರು ದಿನ ತಡವಾಗಿ ಹಾಕಿದರೆ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ. ಹಬ್ಬದಲ್ಲಿ ಸಂಜೆ ಒಳಗೆ, ಬೆಳಿಗ್ಗೆ ಹೊರಗೆ. ಇಂಥ ಎರಡು ತಟ್ಟೆ ಮಾಡಿಕೊಂಡು ಸರದಿಯ ಮೇಲೆ ಇಡುವವರೇ ಜಾಣರು. ಎರಡು ಅಂಗುಲದ ಮನೆಯ ಪಕ್ಕ ರಾಗಿ ಹುಲ್ಲುಹಾಸಿನಂತೆ, ಸಾಸಿವೆ ಪೊದೆಯಂತೆ ಕಾಣುತ್ತದೆ. ಗೋಧಿ ಮಾತ್ರ ಕಬ್ಬಿನ ಗದ್ದೆಯೇ ಸರಿ. ಅದನ್ನು ಮನೆಯ ಹಿತ್ತಲಿಗೆ ಹಾಕಬೇಕು.

ಕಿಟಕಿಯ ಬಳಿಯ ತಟ್ಟೆಯಲ್ಲಿ ಎಲ್ಲ ಸಸಿಗಳೂ ಕಿಟಕಿಯತ್ತ ವಾಲುತ್ತವೆ. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಇದನ್ನೇ ಪರೀಕ್ಷಿಸಿ 1880ರಲ್ಲಿ ಪ್ರಕಟಿಸಿದರು. ಹುಲ್ಲಿನ ಮೊಳಕೆಯ ತುದಿಗೆ ಪುಟ್ಟ ಟೋಪಿ ತೊಡಿಸಿದರೆ ಅದು ಬಾಗಲಿಲ್ಲ. ಬೆಳಕನ್ನು ಗುರುತಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ! ಮುಂದೆ ತಿಳಿದದ್ದೇನೆಂದರೆ, ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ನೆರಳಿನ ಪಕ್ಕದಲ್ಲಿ ಹೆಚ್ಚಾಗಿ ಸೇರುತ್ತದೆ, ಆ ಪಕ್ಕ ಹೆಚ್ಚು ಉದ್ದ ಬೆಳೆಯುತ್ತದೆ. ಈ ಪ್ರಯೋಗಕ್ಕೆ ಗೋಧಿಯೇ ವಾಸಿ. ಮೂರು ನಾಲ್ಕನೆಯ ದಿನ, ಎಲೆ ಹೊರಬರುವ ಮೊದಲು, ಐದಾರು ಮೊಳಕೆಗಳಿಗೆ ಚಾಕೊಲೇಟಿನ ಬೆಳ್ಳಿಕಾಗದದ ಟೋಪಿ ಹಾಕಿ ಹಗಲಿಡೀ ಬಿಟ್ಟರೆ ಕಣ್ಣಿಗೇ ಕಾಣುತ್ತದೆ. ಉಳಿದ ತಟ್ಟೆಗಳನ್ನು ದಿನಕ್ಕೊಮ್ಮೆ ಅರ್ಧ ಸುತ್ತು ತಿರುಗಿಸಿದರೆ ಹುಲ್ಲು ನೆಟ್ಟಗೆ ನಿಲ್ಲುತ್ತದೆ.

ಕೊಳದ ವಿಷಯದಲ್ಲಿ ಅಜ್ಜಿಯರ ಕನ್ನಡಿಯೇ ಮೇಲು. ಬಟ್ಟಲಿನಲ್ಲಿ ನಿಜವಾದ ನೀರಿಟ್ಟು ಮರೆತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಅಲ್ಲಿ ಮೊಟ್ಟೆಯಿಡುತ್ತದೆ. ಸುಮಾರು ಎಂಟು ಹತ್ತು ದಿನಗಳಲ್ಲಿ ಹೊಸ ಸೊಳ್ಳೆ ಹಾರಿಹೋಗುತ್ತದೆ. ನವರಾತ್ರಿಯ ಅವಧಿಯೂ ಅಷ್ಟೇ. ನೀರು ಬೇಕೇ ಬೇಕೆಂದು ಮಗು ಹಟ ಮಾಡಿದರೆ ಮೂರು ದಿನಕ್ಕೊಮ್ಮೆ ಚೆಲ್ಲಿ, ಬಟ್ಟಲನ್ನು ಉಜ್ಜಿ ತೊಳೆಯಬೇಕು. ಮೊಟ್ಟೆಗಳು ಅಂಚಿಗೆ ಅಂಟಿಕೊಂಡಿರುತ್ತವೆ.

ವಿಜಯದಶಮಿ ಕಳೆದ ಮೇಲೆ ಆ ಪುಟ್ಟ ಮನೆಯನ್ನು ಗೊಂಬೆಗಳ ಜೊತೆ ಪೆಟ್ಟಿಗೆಗೆ ಹಾಕಬೇಕಾಗಿಲ್ಲ. ಕ್ರೈಸ್ತರ ಮನೆಗಳಲ್ಲೂ ಕ್ರಿಸ್‌ಮಸ್ ಗೋದಲಿಯ ಸುತ್ತ ರಾಗಿ, ಭತ್ತದ ಸಸಿ ಬೆಳೆಸುವ ರೂಢಿಯುಂಟು. ಡಿಸೆಂಬರಿನ ಚಳಿಗೆ ಮೊಳಕೆ ನಿಧಾನವಾಗುವುದರಿಂದ 12 ಅಥವಾ 13ನೇ ತಾರೀಖಿಗೇ ಬಿತ್ತಬೇಕು. ಯುಗಾದಿಗೆ ಮನೆಯ ಬಾಗಿಲಿಗೆ ದಾರದಲ್ಲಿ ಪೋಣಿಸಿದ ಬೇವಿನ ಹೂವಿನ ತೋರಣ ಸಾಕು. ಮಳೆಗಾಲದ್ದೇ ಬೇರೆ ಸೊಗಸು. ಕಾಂಪೌಂಡ್ ಗೋಡೆಯ ಹಾವಸೆಗೆ ನಿಜವಾದ ಬೇರಿಲ್ಲ. ತೆಳು ತಗಡಿನಿಂದ ಎಬ್ಬಿಸಿದರೆ ಹಾಳೆಯಂತೆ ಬಿಟ್ಟುಬರುತ್ತದೆ, ಒದ್ದೆ ಮಣ್ಣಿನ ಮೇಲೆ ಹಾಸಿದರೆ ಬದುಕುತ್ತದೆ. ಕಾಡಿನ ಮರಗಳಿಂದ ಕೀಳುವುದು ಬೇಡ, ಗೋಡೆಯದೇ ಬೇಕಾದಷ್ಟಿರುತ್ತದೆ. ಮಳೆ ನಿಂತು ಅದು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾದಾಗ ಸತ್ತಿತೆಂದು ಎಸೆಯದೆ ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ. ಜೂನ್ ತಿಂಗಳ ಮೊದಲ ಮಳೆಯ ದಿನ ಅದರ ಮೇಲೆ ನಾಲ್ಕು ಹನಿ ಚಿಮುಕಿಸಿದರೆ, ಮಗು ನೋಡುತ್ತಿರುವಂತೆಯೇ ಸುರುಟಿದ ಎಲೆಗಳು ಬಿಚ್ಚಿಕೊಳ್ಳುತ್ತವೆ.