ಕಟ್ಟಿದವರು ಹೊರಟ ಮೇಲೆ ಏನು ಉಳಿಯಿತು?

ಕಳೆದ ತಿಂಗಳು ನಮ್ಮ ಸಂಘದ ಶನಿವಾರದ ಚರ್ಚಾಕೂಟಕ್ಕೆ ಚೀಟಿ ಎತ್ತಿದಾಗ ಬಂದ ವಿಷಯ ಇದು: "ಯುದ್ಧದ ನಂತರ ಅಫ್ಘಾನಿಸ್ತಾನವನ್ನು ಮತ್ತೆ ಕಟ್ಟುವ ಕೆಲಸ ಸೋತಿತೇ?" ಸಿವಿಲ್ ಮತ್ತು ಮೆಕ್ಯಾನಿಕಲ್‌ನವರು ಒಂದು ಕಡೆ, ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಸೈನ್ಸ್‌ನವರು ಇನ್ನೊಂದು ಕಡೆ. ಅರ್ಧ ಗಂಟೆಗೆ ಮುಗಿಯಬೇಕಿದ್ದ ಚರ್ಚೆ ಎರಡು ಗಂಟೆ ನಡೆದು, ಅಲ್ಲಿಂದ ಕ್ಯಾಂಟೀನಿಗೆ ಹೋಗಿ, ಟೀ ಆರಿದರೂ ನಿಲ್ಲಲಿಲ್ಲ. ಯಾರು ಗೆದ್ದರು ಅಂತ ಕೊನೆಗೂ ತೀರ್ಮಾನ ಆಗಲಿಲ್ಲ ಬಿಡಿ. ಆದರೆ ಆಮೇಲೆ ಕೂತು ಯೋಚಿಸಿದಾಗ ನಮಗೆ ಅನಿಸಿದ್ದು ಒಂದೇ: ಎರಡೂ ಕಡೆಯವರು ತಪ್ಪು ಅಳತೆಗೋಲು ಹಿಡ್ಕೊಂಡೇ ಜಗಳ ಆಡಿದ್ವಿ. ಆ ಅಳತೆಗೋಲಿನ ಬಗ್ಗೆಯೇ ಈ ಲೇಖನ.

ಮೊದಲು ಎರಡೂ ವಾದಗಳನ್ನು ಕೇಳಿ.

"ಸೋತಿತು" ಅನ್ನುವವರಿಗೆ ಉದಾಹರಣೆಗಳ ಬರವೇ ಇರಲಿಲ್ಲ. 2001ರ ಕೊನೆಯಲ್ಲಿ ತಾಲಿಬಾನ್ ಸರ್ಕಾರ ಬಿತ್ತು. ಅಲ್ಲಿಂದ 20 ವರ್ಷಗಳಲ್ಲಿ ಅಮೆರಿಕ ಒಂದೇ ಅಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆ ಅಂತ ತೆಗೆದಿಟ್ಟ ಹಣ ಸುಮಾರು 14,500 ಕೋಟಿ ಡಾಲರ್. ಯುದ್ಧದ ಖರ್ಚು ಇದರಲ್ಲಿ ಸೇರಿಲ್ಲ, ಅದು ಬೇರೆ ಲೆಕ್ಕ. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲಿಗೆ ವಾಪಸ್ ಬಂತು. ಈ ಹಣದ ಮೇಲೆ ಕಣ್ಣಿಡಲು ಅಮೆರಿಕದ ಸಂಸತ್ತು 2008ರಲ್ಲೇ ಒಂದು ವಿಶೇಷ ತಪಾಸಣಾ ಕಚೇರಿ ತೆರೆದಿತ್ತು. ಅದನ್ನು ಚಿಕ್ಕದಾಗಿ 'ಸಿಗಾರ್' ಅಂತಾರೆ. ಸಿಗಾರ್ ವರದಿಗಳನ್ನು ಓದಿದರೆ ಎಂಜಿನಿಯರಿಂಗ್ ವಿದ್ಯಾರ್ಥಿಗೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ವಾರ್ದಕ್ ಪ್ರಾಂತ್ಯದಲ್ಲಿ ಪೊಲೀಸರ ತರಬೇತಿಗೆಂದು 2012ರಲ್ಲಿ ಹಳ್ಳಿ ಮನೆಗಳ ಮಾದರಿಯಲ್ಲಿ ಕೆಲವು ಕಟ್ಟಡ ಕಟ್ಟಿದರು. ಖರ್ಚು ಸುಮಾರು 4.5 ಲಕ್ಷ ಡಾಲರ್. ಕೆಲಸ ಮುಗಿದು ನಾಲ್ಕೇ ತಿಂಗಳಿಗೆ ನೀರು ಒಳಗಿಳಿದು ಗೋಡೆಗಳು ಕರಗತೊಡಗಿದವು! ಇಟ್ಟಿಗೆಯಲ್ಲಿ ಇರಬೇಕಾದ್ದು ಇರಲಿಲ್ಲ, ಬಹುಪಾಲು ಮರಳೇ ಇತ್ತು. ನಮ್ಮ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನಲ್ಲಿ ಇಟ್ಟಿಗೆಯನ್ನು ಒಂದು ದಿನ ನೀರಲ್ಲಿ ನೆನೆಸಿ ತೂಕ ಮಾಡುವ ಪರೀಕ್ಷೆ ಇದೆಯಲ್ಲ, ಅಷ್ಟು ಮಾಡಿದ್ದರೂ ಸಾಕಿತ್ತು. ಹೆಲ್ಮಂಡ್‌ನಲ್ಲಿ 64 ಸಾವಿರ ಚದರಡಿಯ ಸೇನಾ ಕಚೇರಿ. ನಮಗೆ ಬೇಡ ಅಂತ ಅಲ್ಲಿದ್ದ ಸೇನಾಧಿಕಾರಿಯೇ ಹೇಳಿದ್ದರೂ 3.6 ಕೋಟಿ ಡಾಲರ್ ಸುರಿದು ಕಟ್ಟಿ ಮುಗಿಸಿದರು. ಅದನ್ನು ಯಾರೂ ಬಳಸಲಿಲ್ಲ. ಅಫ್ಘನ್ ವಾಯುಪಡೆಗೆ ಸುಮಾರು 55 ಕೋಟಿ ಡಾಲರ್ ವೆಚ್ಚದಲ್ಲಿ 20 ಹಳೆಯ ಇಟಾಲಿಯನ್ ಸಾಗಣೆ ವಿಮಾನ ಕೊಡಿಸಿದರು. ಬಿಡಿಭಾಗ ಸಿಗದೆ ಅವು ಹಾರಿದ್ದು ತೀರಾ ಕಡಿಮೆ, 16 ವಿಮಾನಗಳು ಕಾಬೂಲಿನಲ್ಲೇ ಗುಜರಿಗೆ ಹೋದವು.

ಇಷ್ಟು ಕೇಳಿದ ಮೇಲೆ ಸಭೆಯಲ್ಲಿ ಚಪ್ಪಾಳೆ ಬಿತ್ತು. ಆಗ ಎದುರು ಪಕ್ಷದವರು ಎದ್ದು ನಿಂತರು. ಅವರ ಕೈಯಲ್ಲಿದ್ದದ್ದೂ ಅಂಕಿಗಳೇ.

2001ರಲ್ಲಿ ಇಡೀ ದೇಶದಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳು ಸುಮಾರು 10 ಲಕ್ಷ, ಅದರಲ್ಲಿ ಹುಡುಗಿಯರು ಇಲ್ಲವೇ ಇಲ್ಲ ಅನ್ನಬಹುದು. 2021ರ ಹೊತ್ತಿಗೆ ಯುನೆಸ್ಕೊ ಲೆಕ್ಕದಲ್ಲಿ ಸುಮಾರು ಒಂದು ಕೋಟಿ ವಿದ್ಯಾರ್ಥಿಗಳು. ಪ್ರಾಥಮಿಕ ಶಾಲೆಯಲ್ಲೇ ಸುಮಾರು 25 ಲಕ್ಷ ಹುಡುಗಿಯರು. ಮಹಿಳೆಯರ ಸಾಕ್ಷರತೆ ಶೇ. 17ರಿಂದ ಶೇ. 30ರ ಹತ್ತಿರ ಬಂತು. ಐದು ವರ್ಷದೊಳಗಿನ ಮಕ್ಕಳ ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ಸರಾಸರಿ ಆಯಸ್ಸು 56ರಿಂದ 65ಕ್ಕೆ ಏರಿತು. ಇದನ್ನೂ ಸೋಲು ಅಂತೀರಾ ಅಂತ ಕೇಳಿದರೆ ಯಾರಿಗೂ ಉತ್ತರ ಸುಲಭ ಇರಲಿಲ್ಲ.

ಒಬ್ಬರ ಕೈಲಿ ವ್ಯರ್ಥವಾದ ಡಾಲರ್‌ಗಳ ಪಟ್ಟಿ, ಇನ್ನೊಬ್ಬರ ಕೈಲಿ ಏರಿದ ಗ್ರಾಫ್. ಎರಡೂ ನಿಜವೇ. ಹಾಗಿದ್ದರೂ ಅವು ಒಂದಕ್ಕೊಂದು ಉತ್ತರ ಕೊಡುತ್ತಿಲ್ಲ ಅಂತ ನಮಗೆ ಹೊಳೆದದ್ದು ಹಾಜರಿ ಪುಸ್ತಕದ ಕಥೆ ಬಂದಾಗ.

ಕಥೆ ಹೀಗಿದೆ. ಅಫ್ಘಾನಿಸ್ತಾನದ ಶಿಕ್ಷಣ ಇಲಾಖೆಯ ನಿಯಮದಲ್ಲಿ ಮಗು ಮೂರು ವರ್ಷದವರೆಗೆ ಶಾಲೆಗೆ ಬಾರದಿದ್ದರೂ ಅದರ ಹೆಸರು ದಾಖಲಾತಿಯಲ್ಲಿ ಹಾಗೇ ಇರುತ್ತಿತ್ತು. ತಪಾಸಣೆಗೆ ಹೋದವರಿಗೆ ಎಷ್ಟೋ ಕಡೆ ಕಾಗದದ ಸಂಖ್ಯೆಗೂ ತರಗತಿಯಲ್ಲಿ ಕೂತಿದ್ದ ಮಕ್ಕಳಿಗೂ ಭಾರಿ ಅಂತರ ಕಂಡಿತು. ಶೇ. 85 ಹಾಜರಿ ಇಲ್ಲ ಅಂತ ಹಾಲ್ ಟಿಕೆಟ್ ತಡೆ ಹಿಡಿಸಿಕೊಂಡ ನಮ್ಮ ಗೆಳೆಯನೊಬ್ಬ "ನಾನು ಅಲ್ಲೇ ಸೇರ್ಕೋಬೇಕಿತ್ತು ಕಣ್ರೋ" ಅಂದ, ಎಲ್ಲರೂ ನಕ್ಕೆವು. ನಗು ಹಾಗಿರಲಿ. ವರದಿ ಬರೆಯುವವರಿಗೆ ಬೇಕಾದದ್ದು ಏರುವ ಸಂಖ್ಯೆ. ಎಷ್ಟು ಹಣ ಖರ್ಚಾಯಿತು, ಎಷ್ಟು ಶಾಲೆ ಕಟ್ಟಿದೆವು, ಎಷ್ಟು ಮೆಗಾವ್ಯಾಟ್ ಕೂಡಿಸಿದೆವು. ಎಣಿಸಲು ಸುಲಭವಾದದ್ದನ್ನು ಎಣಿಸಿ ಅದಕ್ಕೇ ಪ್ರಗತಿ ಅಂತ ಹೆಸರಿಟ್ಟರು.

ನಮ್ಮಲ್ಲೂ ಇದು ಹೊಸದೇನಲ್ಲ. ಎಂಟನೇ ಸೆಮಿಸ್ಟರಿನ ಪ್ರಾಜೆಕ್ಟ್ ಎಕ್ಸಿಬಿಷನ್ ದಿನ ಎಲ್ಲರ ಮಾಡೆಲ್ಲೂ ಓಡುತ್ತೆ. ಲೈಟು ಹತ್ತುತ್ತೆ, ಮೋಟಾರು ತಿರುಗುತ್ತೆ, ಫೋಟೊ ತೆಗೀತಾರೆ, ಮಾರ್ಕ್ಸ್ ಬೀಳುತ್ತೆ. ಮಾರನೇ ವಾರ ನೋಡಿದರೆ ಅದು ಲ್ಯಾಬಿನ ಬೀರು ಮೇಲೆ ಧೂಳು ತಿನ್ನುತ್ತಾ ಕೂತಿರುತ್ತೆ. ಮಾಡಿದವರು ಪಾಸಾಗಿ ಹೋಗಿರುತ್ತಾರೆ, ಜೂನಿಯರ್‌ಗಳಿಗೆ ಸರ್ಕ್ಯೂಟ್ ಗೊತ್ತಿರುವುದಿಲ್ಲ. ಒಂದು ದೇಶವನ್ನೇ ಹಾಗೆ ಎಕ್ಸಿಬಿಷನ್ ದಿನಕ್ಕಾಗಿ ಕಟ್ಟಿದರೆ ಹೇಗಿರುತ್ತೆ?

ವಿದ್ಯುತ್ತಿನ ವಿಷಯವನ್ನೇ ನೋಡೋಣ. ಕಾಬೂಲಿನ ಹತ್ತಿರ ತರಖಿಲ್ ಎಂಬಲ್ಲಿ ಅಮೆರಿಕದ ನೆರವಿನಿಂದ 105 ಮೆಗಾವ್ಯಾಟ್‌ನ ಡೀಸೆಲ್ ಸ್ಥಾವರ ಬಂತು. ವೆಚ್ಚ 33.5 ಕೋಟಿ ಡಾಲರ್. ಆ ಡೀಸೆಲ್ಲನ್ನೆಲ್ಲ ಹೊರದೇಶದಿಂದ ಟ್ಯಾಂಕರಿನಲ್ಲೇ ತರಬೇಕು, ಆ ದರದಲ್ಲಿ ಕರೆಂಟು ಮಾಡಿ ಮಾರುವುದು ಅಫ್ಘನ್ ವಿದ್ಯುತ್ ಕಂಪನಿಯ ಕೈಲಾಗುವ ಮಾತಲ್ಲ. ಹಾಗಾಗಿ ಸ್ಥಾವರ ತನ್ನ ಸಾಮರ್ಥ್ಯದ ತೀರಾ ಚಿಕ್ಕ ಪಾಲಷ್ಟೇ ದುಡಿಯಿತು, ತುರ್ತಿಗೆ ಇಟ್ಟುಕೊಂಡ ಜನರೇಟರ್ ಥರ ಆಯಿತು.

ಇನ್ನು ಹೆಲ್ಮಂಡ್‌ನ ಕಜಾಕಿ ಅಣೆಕಟ್ಟು. 1953ರ ಈ ಅಣೆಕಟ್ಟಿನ ವಿದ್ಯುದಾಗಾರದಲ್ಲಿ 1975ರಿಂದ ಎರಡು ಟರ್ಬೈನ್‌ಗಳಿದ್ದವು, ಮೂರನೆಯದಕ್ಕೆ ಜಾಗ ಬಿಟ್ಟಿದ್ದರು. 2008ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಪಡೆಗಳು ಮುಂದೆ ನಿಂತು, ಸಾವಿರಾರು ಸೈನಿಕರ ಕಾವಲಿನಲ್ಲಿ ಸುಮಾರು ನೂರು ವಾಹನಗಳ ಸಾಲಿನಲ್ಲಿ ಆ ಮೂರನೇ ಟರ್ಬೈನನ್ನು ಅಲ್ಲಿಗೆ ಮುಟ್ಟಿಸಿದವು. ಪತ್ರಿಕೆಗಳಲ್ಲಿ ಅದು ದೊಡ್ಡ ವಿಜಯ. ಆದರೆ ಟರ್ಬೈನ್ ಕೂರಿಸಲು ಬೇಕಾದ ನೂರಾರು ಟನ್ ಸಿಮೆಂಟು ಅದೇ ರಸ್ತೆಯಲ್ಲಿ ಬರಬೇಕಿತ್ತು. ರಸ್ತೆ ಸುರಕ್ಷಿತವಾಗಿರಲಿಲ್ಲ. ಟರ್ಬೈನ್ ತಿರುಗಿದ್ದು 2016ರಲ್ಲಿ, ಎಂಟು ವರ್ಷ ತಡವಾಗಿ.

ಇವೆರಡರ ಪಕ್ಕದಲ್ಲಿ ಪುಲ್-ಎ-ಖುಮ್ರಿಯಿಂದ ಕಾಬೂಲಿಗೆ ಬಂದ 220 ಕಿಲೊವೋಲ್ಟ್ ಲೈನನ್ನು ಇಟ್ಟು ನೋಡಿ. 202 ಕಿಲೋಮೀಟರ್ ಉದ್ದ, ಸಲಾಂಗ್ ಕಣಿವೆಯ ಹಿಮದ ಎತ್ತರ ದಾಟಿ ಬರುತ್ತದೆ. ಕಟ್ಟಿದ್ದು ನಮ್ಮ ಪವರ್‌ಗ್ರಿಡ್. ಉಜ್ಬೇಕಿಸ್ತಾನದ ಅಗ್ಗದ ಕರೆಂಟು 2009ರಿಂದ ಈ ದಾರಿಯಲ್ಲೇ ರಾಜಧಾನಿಗೆ ಬಂತು. ಇಂಧನ ತರುವ ತಲೆನೋವಿಲ್ಲ, ನೋಡಿಕೊಳ್ಳುವವರಿಗೆ ಕೈಗೆಟುಕುವ ಖರ್ಚು. ಉಳಿಯುವಂಥದ್ದು ಉಳಿದದ್ದು ಹೀಗೆ.

ಹಾಗಂತ ನಮ್ಮ ದೇಶ ಕಟ್ಟಿದ್ದೆಲ್ಲ ಪಾಸು ಅಂತ ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ. ಭಾರತ ಸುಮಾರು 300 ಕೋಟಿ ಡಾಲರ್ ನೆರವಿನಲ್ಲಿ ಅಲ್ಲಿನ 34 ಪ್ರಾಂತ್ಯಗಳಲ್ಲೂ ಒಟ್ಟು 400ಕ್ಕೂ ಹೆಚ್ಚು ಯೋಜನೆ ಕೈಗೊಂಡಿತು. ಗಡಿ ರಸ್ತೆ ಸಂಸ್ಥೆ ಕಟ್ಟಿದ ಝರಂಜ್–ದೆಲಾರಾಮ್ ಹೆದ್ದಾರಿ 218 ಕಿಲೋಮೀಟರ್. ಅದನ್ನು ಕಟ್ಟುವಾಗ ಭಾರತೀಯರೂ ನೂರಕ್ಕೂ ಹೆಚ್ಚು ಅಫ್ಘನ್ನರೂ ಪ್ರಾಣ ಕಳೆದುಕೊಂಡರು. 2021ರ ಆಗಸ್ಟಿನಲ್ಲಿ ತಾಲಿಬಾನ್ ಕೈಗೆ ಬಿದ್ದ ಮೊಟ್ಟಮೊದಲ ಪ್ರಾಂತೀಯ ರಾಜಧಾನಿ ಯಾವುದು ಗೊತ್ತಾ? ಅದೇ ಝರಂಜ್. ರಸ್ತೆಯಲ್ಲಿ ಯಾರು ಓಡಾಡಬೇಕು ಅನ್ನೋದನ್ನ ಡಾಂಬರು ತೀರ್ಮಾನಿಸೋದಿಲ್ಲ.

ಇಲ್ಲಿಗೆ ಬಂದಾಗ ನಮ್ಮ ವಾದ ಒಂದು ಹಳ್ಳಿಗೆ ತಿರುಗಿತು. ಅಂದರೆ ಸಾವಿರಾರು ಹಳ್ಳಿಗಳಿಗೆ. 2003ರಲ್ಲಿ ಅಫ್ಘನ್ ಸರ್ಕಾರವೇ 'ರಾಷ್ಟ್ರೀಯ ಐಕಮತ್ಯ ಕಾರ್ಯಕ್ರಮ' ಅಂತ ಒಂದನ್ನು ಶುರು ಮಾಡಿತು. ಹಳ್ಳಿಯವರು ಮತ ಹಾಕಿ ತಮ್ಮದೇ ಒಂದು ಸಮಿತಿ ಆರಿಸಬೇಕು. ಕುಟುಂಬಕ್ಕೆ 200 ಡಾಲರ್ ಲೆಕ್ಕದಲ್ಲಿ, ಹಳ್ಳಿಗೆ ಗರಿಷ್ಠ 60 ಸಾವಿರ ಡಾಲರ್ ಅನುದಾನ. ಬಾವಿ ಬೇಕೋ, ಕಾಲುವೆ ಬೇಕೋ, ಹಳ್ಳದ ನೀರಿಂದ ಕರೆಂಟು ಮಾಡೋ ಪುಟ್ಟ ಟರ್ಬೈನ್ ಬೇಕೋ, ಅವರೇ ನಿರ್ಧರಿಸಬೇಕು. ಖರ್ಚಿನ ಹತ್ತನೇ ಒಂದು ಪಾಲನ್ನು ದುಡ್ಡಲ್ಲೋ ದುಡಿಮೆಯಲ್ಲೋ ತಾವೇ ಹಾಕಬೇಕು. 30 ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ಇದು ಮುಟ್ಟಿತು. ಇದರಿಂದ ಕುಡಿಯುವ ನೀರು, ಕರೆಂಟು ಸಿಕ್ಕದ್ದನ್ನು ಅಧ್ಯಯನಗಳೂ ಕಂಡುಕೊಂಡಿವೆ. ಎಲ್ಲ ರೋಗಕ್ಕೂ ಇದೇ ಮದ್ದಾಗಿರಲಿಲ್ಲ, ಯುದ್ಧವನ್ನು ಇದು ನಿಲ್ಲಿಸಲೂ ಇಲ್ಲ. ಆದರೆ ಪಂಪು ಕೆಟ್ಟ ದಿನ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಆ ಹಳ್ಳಿಯವರಿಗೆ ಗೊತ್ತಿತ್ತು. ತರಖಿಲ್‌ನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಹಾಗಾದರೆ ನಾವು ಹೇಳುವ ಅಳತೆಗೋಲು ಯಾವುದು? ಕಟ್ಟಿದವನು ಗಂಟುಮೂಟೆ ಕಟ್ಟಿ ಹೊರಟ ಮಾರನೇ ಬೆಳಗ್ಗೆ ಅದನ್ನು ನಡೆಸುವವರು ಯಾರು, ಅವರಿಗೆ ಅದು ಗೊತ್ತಿದೆಯಾ, ಅವರ ಕೈಲಾಗುತ್ತಾ? ಇಷ್ಟೇ ಪ್ರಶ್ನೆ. ಈ ಅಳತೆಯಲ್ಲಿ ನೋಡಿದರೆ ಕರಗಿದ ಗೋಡೆ, ಗುಜರಿ ಸೇರಿದ ವಿಮಾನ ಎಲ್ಲ ಫೇಲು. ಪಾಸಾಗುವುದು ಮುಖ್ಯವಾಗಿ ಒಂದು: ಮನುಷ್ಯರನ್ನು ತಯಾರು ಮಾಡಿದ್ದು. 2002ರ ಸುಮಾರಿಗೆ ದೇಶದಲ್ಲಿ ತರಬೇತಾದ ಸೂಲಗಿತ್ತಿಯರು ಕೆಲವೇ ನೂರು, ಆಮೇಲೆ ಸಾವಿರಾರು ಹಳ್ಳಿ ಹೆಣ್ಣುಮಕ್ಕಳು ಕಲಿತು ತಮ್ಮ ಊರಲ್ಲೇ ಹೆರಿಗೆ ಮಾಡಿಸತೊಡಗಿದರು. ಮೇಲೆ ಹೇಳಿದ ಮಕ್ಕಳ ಸಾವಿನ ಅಂಕಿ ಇಳಿದದ್ದರಲ್ಲಿ ಇಂಥವರ ಕೈ ದೊಡ್ಡದು.

ಇಲ್ಲಿ ನಮ್ಮ ಚರ್ಚೆ ಮೌನವಾಯಿತು. ಕಾರಣ ಹೆರಾತ್.

ಹೆರಾತ್ ಪ್ರಾಂತ್ಯದಲ್ಲಿ ಹರಿರುದ್ ನದಿಗೆ ಭಾರತ ಕಟ್ಟಿದ ಸಲ್ಮಾ ಅಣೆಕಟ್ಟು ಇದೆ. 1970ರ ದಶಕದಲ್ಲಿ ಶುರುವಾಗಿ ಯುದ್ಧದಲ್ಲಿ ನಿಂತುಹೋಗಿದ್ದ ಕೆಲಸವನ್ನು ವ್ಯಾಪ್ಕೋಸ್ ಮುಗಿಸಿತು. 2016ರ ಜೂನ್ 4ರಂದು ಉದ್ಘಾಟನೆ, 42 ಮೆಗಾವ್ಯಾಟ್, 75 ಸಾವಿರ ಹೆಕ್ಟೇರ್ ನೀರಾವರಿಯ ಗುರಿ. ಅದೇ ಹೆರಾತ್‌ನಲ್ಲಿ ಹೈಸ್ಕೂಲ್ ವಯಸ್ಸಿನ ಹುಡುಗಿಯರ ಒಂದು ರೋಬೋಟಿಕ್ಸ್ ತಂಡವೂ ಇತ್ತು. 2017ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗಿ ಬಂದವರು. 2020ರಲ್ಲಿ ಕೋವಿಡ್ ಬಂದು ವೆಂಟಿಲೇಟರ್ ಸಿಗದಿದ್ದಾಗ ಈ ಹುಡುಗಿಯರು ಎಂಐಟಿಯವರ ವಿನ್ಯಾಸ ಇಟ್ಟುಕೊಂಡು, ಟೊಯೊಟಾ ಕೊರೊಲ್ಲಾ ಕಾರಿನ ಮೋಟಾರು, ಹೋಂಡಾ ಬೈಕಿನ ಚೈನು ಸೇರಿಸಿ ಅಗ್ಗದ ವೆಂಟಿಲೇಟರ್ ಮಾದರಿ ಮಾಡಿದರು. ಹೊರಗಿನ ಗುತ್ತಿಗೆದಾರ ಬೇಕಾಗಲಿಲ್ಲ, ಬಿಡಿಭಾಗ ಊರಿನ ಗ್ಯಾರೇಜಿನಲ್ಲೇ ಸಿಕ್ಕಿತು. ಪುನರ್ನಿರ್ಮಾಣ ಅಂದರೆ ಇದೇ ಅಲ್ವಾ?

ಇವತ್ತು ಅಣೆಕಟ್ಟು ಅಲ್ಲೇ ಇದೆ. ಹುಡುಗಿಯರು ಇಲ್ಲ. ಆ ತಂಡದ ಹಲವರು 2021ರ ಆಗಸ್ಟಿನಲ್ಲಿ ದೇಶ ಬಿಟ್ಟರು. ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆ ಮುಚ್ಚಿತು. 2022ರ ಮಾರ್ಚ್ 23ರಂದು ತೆರೆಯುತ್ತೇವೆ ಅಂತ ಹೇಳಿ, ಚೀಲ ಹೊತ್ತು ಬಂದವರನ್ನು ಅದೇ ಬೆಳಗ್ಗೆ ವಾಪಸ್ ಕಳಿಸಿದರು. ಅದೇ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. 2024ರ ಕೊನೆಯಲ್ಲಿ ದಾದಿ, ಸೂಲಗಿತ್ತಿ ತರಬೇತಿಯೂ ನಿಂತಿತು. ಮೈಸೂರು, ಬೆಂಗಳೂರಿನಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳಲ್ಲಿ ರಜೆಗೆ ಊರಿಗೆ ಹೋಗಿದ್ದ ಕೆಲವರು, 2021ರಲ್ಲಿ ನಮ್ಮ ಸರ್ಕಾರ ಹಳೆಯ ವೀಸಾಗಳನ್ನು ರದ್ದು ಮಾಡಿದಾಗ ಅಲ್ಲೇ ಉಳಿದುಬಿಟ್ಟರು. ಅಣೆಕಟ್ಟು ಕಟ್ಟಿದ್ದನ್ನು ಹೆಮ್ಮೆಯಿಂದ ಹೇಳುವ ನಾವು ಇದನ್ನೂ ಹೇಳಬೇಕು.

ತಾಲಿಬಾನ್ ಸರ್ಕಾರವೂ ಈಗ ಕಟ್ಟುತ್ತಿದೆ. ಅಮು ದರಿಯಾದಿಂದ 285 ಕಿಲೋಮೀಟರ್ ಉದ್ದದ ಕೋಶ್ ತೆಪಾ ಕಾಲುವೆಯನ್ನು 2022ರಲ್ಲಿ ಆರಂಭಿಸಿ ಸ್ವಂತ ಹಣದಲ್ಲೇ ತೋಡುತ್ತಿದ್ದಾರೆ. "ನೋಡಿ, ಪ್ರಗತಿ!" ಅಂತ ನಮ್ಮಲ್ಲೇ ಒಬ್ಬರು ಅಂದರು. ಸ್ವಂತ ಹಣ, ಸ್ವಂತ ಕೆಲಸಗಾರರು ಅನ್ನೋದು ದೊಡ್ಡ ಮಾತೇ, ಒಪ್ಪೋಣ. ಆದರೆ ಕಾಲುವೆಗೆ ಸರಿಯಾದ ಲೈನಿಂಗ್ ಇಲ್ಲದೆ ನೀರು ಮರಳಿಗೆ ಇಂಗುತ್ತದೆ ಅಂತ ತಜ್ಞರು ಎಚ್ಚರಿಸುತ್ತಿದ್ದಾರೆ, ಕೆಳಗಿನ ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನದ ರೈತರಿಗೆ ಆತಂಕ. ಅದಕ್ಕಿಂತ ಮುಖ್ಯ, ಮುಂದಿನ 20 ವರ್ಷ ಈ ಕಾಲುವೆಯ ಲೆವೆಲ್ ನೋಡುವ, ಗೇಟು ನಡೆಸುವ, ಸೋರಿಕೆ ಹುಡುಕುವ ಎಂಜಿನಿಯರ್‌ಗಳು ಎಲ್ಲಿಂದ ಬರಬೇಕು? ಜನಸಂಖ್ಯೆಯ ಅರ್ಧವನ್ನು ತರಗತಿಯ ಹೊರಗೆ ನಿಲ್ಲಿಸಿದ ದೇಶ ತನ್ನ ಎಂಜಿನಿಯರ್‌ಗಳಲ್ಲಿ ಅರ್ಧವನ್ನು ಹುಟ್ಟುವ ಮುಂಚೆಯೇ ಕಳೆದುಕೊಂಡ ಹಾಗೆ.

ಆದ್ದರಿಂದ ನಮ್ಮ ತೀರ್ಪು ಇದು, ಒಪ್ಪದಿದ್ದರೆ ಜಗಳಕ್ಕೆ ಬನ್ನಿ: ಅಫ್ಘಾನಿಸ್ತಾನದಲ್ಲಿ ಕಾಂಕ್ರೀಟು ಹೆಚ್ಚಾಗಿ ಸೋತಿತು, ಕಲಿಕೆ ಗೆದ್ದಿತ್ತು. ಗೆದ್ದದ್ದನ್ನೇ ಈಗ ಕೆಡವುತ್ತಿದ್ದಾರೆ. ನಾಳೆ ಗಾಜಾ, ಉಕ್ರೇನ್, ಸುಡಾನ್‌ಗಳ ಪುನರ್ನಿರ್ಮಾಣಕ್ಕೆ ಟೆಂಡರ್ ಕರೆಯುತ್ತಾರೆ. ನಮ್ಮಲ್ಲೇ ಕೆಲವರು ಹೆಲ್ಮೆಟ್ ಹಾಕ್ಕೊಂಡು ಅಲ್ಲಿಗೆ ಕೆಲಸಕ್ಕೆ ಹೋಗಬಹುದು. ಆಗ ಮೊದಲ ದಿನವೇ ಕೇಳಬೇಕಾದ ಪ್ರಶ್ನೆಯನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗಿ: ನಾನು ಹೊರಟ ಮೇಲೆ ಇದನ್ನು ನಡೆಸೋರು ಯಾರು?

ಅಂದ ಹಾಗೆ, ನಮ್ಮ ಲ್ಯಾಬಿನ ಬೀರು ಮೇಲಿರುವ ಹಳೆಯ ಪ್ರಾಜೆಕ್ಟುಗಳಲ್ಲಿ ಎರಡನ್ನು ಇಳಿಸಿ ರಿಪೇರಿಗೆ ಕೂತಿದ್ದೇವೆ. ಸರ್ಕ್ಯೂಟ್ ಯಾರಿಗಾದರೂ ಗೊತ್ತಿದ್ದರೆ ಮುಂದಿನ ಶನಿವಾರ ಬನ್ನಿ, ಟೀ ನಮ್ಮ ಲೆಕ್ಕ.